ಚೆನ್ನಾಗೇ ವಿಚಾರಿಸಿಕೊಂಡರು

ಕ್ಲಿಪ್ಪು ಇವತ್ತೂ ಓರೆ, ಎಡಗಡೆ ಒಂದಿಷ್ಟು ಕೂದಲು ಹೊರಗೇ ಜೋತುಬಿದ್ದಿದೆ, ಅಷ್ಟೆಲ್ಲ ಓದಿದವಳಿಗೆ ಒಂದು ಕ್ಲಿಪ್ಪು ನೆಟ್ಟಗೆ ಹಾಕಿಕೊಳ್ಳಲು ಬರುವುದಿಲ್ಲವೇ, ಬರುತ್ತದೆ, ಬಾರದೆ ಏನು, ಪಾಪ ಈ ಹುಡುಗಿಗೆ ತಲೆ ಬಾಚಿಕೊಳ್ಳುವಷ್ಟೂ ಪುರುಸೊತ್ತಿಲ್ಲ ಎಂದು ನೋಡಿದವರು ಅಂದುಕೊಳ್ಳಲಿ ಎಂದೇ ಹೀಗೆ ಬಿಟ್ಟಿರುತ್ತಾಳೆ — ಕೋರ್ಟಿನ ಬಾಗಿಲು ಅರ್ಧ ತೆರೆದಿತ್ತು, ಕಾರಿಡಾರಿನ ಬೆಂಚಿನ ತುದಿಯಲ್ಲಿ ಕೂತವಳಿಗೆ ಕಾಣುತ್ತಿದ್ದುದು ವಕೀಲೆಯ ಬೆನ್ನು, ಕಪ್ಪು ಗೌನು, ಆ ಕ್ಲಿಪ್ಪು, ಅಷ್ಟೇ, ಕಟಕಟೆಯಲ್ಲಿ ನಿಂತ ಗಂಡ ಕಾಣುತ್ತಿರಲಿಲ್ಲ, ಮುಚ್ಚಿದ ಇನ್ನರ್ಧ ಬಾಗಿಲು ಅವನನ್ನು ನುಂಗಿಕೊಂಡಿತ್ತು. ಇವರು ಕಾಣುವುದು ಈಗ ವಕೀಲೆಗೆ ಮಾತ್ರ, ಎದುರಿಗೇ ನಿಂತಿದ್ದಾಳಲ್ಲ, ಹೆಂಡತಿ ಮಾತ್ರ ಹೊರಗೆ, ಸಾಕ್ಷಿ ಹೇಳೋರು ತಮ್ಮ ಸರದಿ ಬರೋವರೆಗೂ ಒಳಗೆ ಕೂರೋ ಹಾಗಿಲ್ಲ ಅಕ್ಕಾ, ಅದು ರೂಲ್ಸು. ಅಕ್ಕಾ ಅಂತೆ. ನಾನು ಅವಳಿಗಿಂತ ನಾಲ್ಕೈದು ವರ್ಷ ದೊಡ್ಡವಳಿರಬಹುದು, ಅದಕ್ಕೇ ಬಾಯ್ತುಂಬ ಅಕ್ಕ, ಆದರೆ ಇವರನ್ನು ಅಣ್ಣಾ ಅನ್ನಲಿ ನೋಡೋಣ, ಅನ್ನುವುದಿಲ್ಲ, ಇವರ ಸುದ್ದಿ ಬಂದರೆ ನಮ್ಮವರು ಹೇಳೋದೇನಂದ್ರೆ, ನಮ್ಮವರು ಆವತ್ತು ಎಲ್ಲಿದ್ರು ಅಂದ್ರೆ, ನಮ್ಮವರಿಗೆ ಜಾಸ್ತಿ ಹೊತ್ತು ನಿಲ್ಲೋಕಾಗಲ್ಲ ಸ್ವಲ್ಪ ಕುರ್ಚಿ ಕೊಡಿ — ಕಕ್ಷಿದಾರ ಎನ್ನಲು ಬೇಕಾದಷ್ಟು ಉದ್ದನೆಯ ಶಬ್ದವಿದೆಯಲ್ಲ, ಅದನ್ನು ಬಿಟ್ಟು ನಮ್ಮವರು, ಹೆಂಡತಿಯಾದವಳು ನಾಚಿಕೊಂಡು ಆಡುವ ಮಾತನ್ನು ಈಕೆ ಮೈಕಿನಲ್ಲಿ ಆಡುತ್ತಾಳೆ. ಪಕ್ಕದಲ್ಲಿ ಅತ್ತೆ ನೀರಿನ ಬಾಟಲಿ ತೊಡೆಯ ಮೇಲಿಟ್ಟುಕೊಂಡು ಕಣ್ಣು ಮುಚ್ಚಿದ್ದಾರೆ, ತೆರೆದರೆ ಅದೇ ಮಾತು, ಆ ಹುಡುಗಿ ನಮ್ಮ ಪಾಲಿನ ದೇವರು ಕಣೇ, ಒಂದು ಪೈಸೆ ಕೇಳಿಲ್ಲ ನೋಡು, ಹೌದು ಅತ್ತೆ, ಕೇಳಿಲ್ಲ, ದುಡ್ಡಲ್ಲದ ಬೇರೆ ಎಲ್ಲವನ್ನೂ ತೆಗೆದುಕೊಂಡಿದ್ದಾಳೆ. ಇದನ್ನು ಅವಳು ಬಾಯಿಬಿಟ್ಟು ಹೇಳಲಿಲ್ಲ, ಬಾಟಲಿ ಇಸಿದುಕೊಂಡು ನೀರು ಕುಡಿದಳು.

ಎಲ್ಲವನ್ನೂ. ವಕೀಲೆಯ ಆಫೀಸಿನಲ್ಲಿ ಗಾಜಿನ ಬಾಗಿಲು, ಹೊರಗೆ ಸೋಫಾ, ಸೋಫಾದ ಮೇಲೆ ಇವಳು, ಗಾಜಿನಾಚೆ ಇವರು ಮಾತಾಡುತ್ತಿದ್ದರು, ಮಾತಾಡುತ್ತಲೇ ಇದ್ದರು, ಮನೆಯಲ್ಲಿ ಹ್ಞೂಂ ಮತ್ತು ಉಹ್ಞೂಂ ಎರಡರಲ್ಲೇ ಸಂಸಾರ ಮಾಡಿದ ಮನುಷ್ಯ, ಮೊಬೈಲ್ ರಿಪೇರಿ ಅಂಗಡಿಯಲ್ಲಿ ಗಿರಾಕಿ ಹತ್ತು ಮಾತಾಡಿದರೆ ನಾಳೆ ಬನ್ನಿ ಎಂಬ ಎರಡೇ ಮಾತಾಡುವ ಮನುಷ್ಯ, ಅಲ್ಲಿ ಕೂತು ಬಾಯಿ ನೋವಾಗುವಷ್ಟು ಮಾತಾಡಿದರು, ಆಮೇಲೆ ಭುಜ ಅಲುಗಿತು, ತಲೆ ಮೇಜಿನ ಮೇಲೆ ಹೋಯಿತು, ವಕೀಲೆ ಎದ್ದು ಬಂದು ಪಕ್ಕದಲ್ಲಿ ನಿಂತಳು, ಮುಟ್ಟಲಿಲ್ಲ, ಅದನ್ನೂ ನೋಡಿಕೊಂಡಳು ಅವಳು, ಮುಟ್ಟಲಿಲ್ಲ, ಸುಮ್ಮನೆ ನಿಂತಳು, ಮುಟ್ಟಿದ್ದರೆ ಎಷ್ಟೋ ಚೆನ್ನಾಗಿತ್ತು, ಗಾಜು ಒಡೆದುಕೊಂಡು ಒಳಗೆ ನುಗ್ಗಬಹುದಿತ್ತು. ಮಾವ ಸತ್ತಾಗ ಅಳದವರು, ಅಂಗಡಿಗೆ ಬೀಗ ಜಡಿದಾಗ ಅಳದವರು, ಅಲ್ಲಿ ಹೋಗಿ ಅತ್ತರು. ಬೇರೆ ತರಹದ್ದಾಗಿದ್ದರೆ ಅವಳಿಗೆ ಗೊತ್ತಿತ್ತು ಏನು ಮಾಡಬೇಕೆಂದು, ಗಂಡ ಇನ್ನೊಬ್ಬಳನ್ನು ಇಟ್ಟುಕೊಂಡಿದ್ದರೆ ಬೀದಿ ರಂಪ ಮಾಡಬಹುದು, ತವರಿಗೆ ಹೋಗಿ ಕೂರಬಹುದು, ನಾದಿನಿಯರನ್ನು ಸೇರಿಸಿ ಪಂಚಾಯ್ತಿ ಮಾಡಬಹುದು, ಇದಕ್ಕೆ ಏನಂತ ಜಗಳ ತೆಗೆಯುವುದು, ನನ್ನ ಗಂಡನ ನೋವನ್ನು ನೀನು ಇಟ್ಟುಕೊಂಡಿದ್ದೀಯ ಎಂದೇ, ಜನ ನಗುತ್ತಾರೆ. ಆದರೂ ಕೇಳಿದ್ದಳು, ಒಮ್ಮೆ, ಮೆಟ್ಟಿಲಿಳಿಯುವಾಗ, ವಕೀಲೆ ಚಪ್ಪಲಿಯ ಪಟ್ಟಿ ಸರಿಮಾಡಿಕೊಳ್ಳುತ್ತ ನಿಂತಿದ್ದಾಗ, ನನಗ್ಯಾಕೆ ಹೇಳಲ್ವಂತೆ? ವಕೀಲೆ ಪಟ್ಟಿ ಬಿಗಿದು ನೆಟ್ಟಗಾದಳು, ನಾನೂ ಕೇಳಿದೆ ಅಕ್ಕಾ, ಮನೆ ಒಂದಾದ್ರೂ ಮೊದಲಿನ ಥರ ಇರ್ಲಿ ಅಂದ್ರು. ಅಂದರೆ ಯಾಕೆ ಹೇಳುವುದಿಲ್ಲ ಎಂಬುದನ್ನೂ ವಕೀಲೆಗೇ ಹೇಳಿದ್ದಾರೆ. ಆ ದಿನ ರಾತ್ರಿಯಡುಗೆಗೆ ಉಪ್ಪು ಹಾಕುವುದು ಮರೆತುಹೋಗಿತ್ತು, ಇವರು ಹಾಗೇ ಉಂಡೆದ್ದರು.

ಒಳಗೆ ವಕೀಲೆಯ ದನಿ ಏರುತ್ತಿದೆ, ಮತ್ತೆ ಆ ವಿಶ್ವಸಂಸ್ಥೆಯ ಒಡಂಬಡಿಕೆ, ಹೊರಗೆ ಕೂತವಳಿಗೂ ಬಾಯಿಪಾಠವಾಗಿಬಿಟ್ಟಿದೆ, ಯುದ್ಧವಾಗಲಿ, ಯುದ್ಧದ ಭೀತಿಯಾಗಲಿ, ದೇಶದೊಳಗಿನ ಗಲಭೆಯಾಗಲಿ, ಬೇರಾವುದೇ ತುರ್ತು ಪರಿಸ್ಥಿತಿಯಾಗಲಿ, ಚಿತ್ರಹಿಂಸೆಗೆ ಸಮರ್ಥನೆಯಾಗಲಾರದು, ಮೇಲಿನವರು ಹೇಳಿದ್ದರಿಂದ ಮಾಡಿದೆ ಎನ್ನುವುದೂ ಸಮರ್ಥನೆಯಾಗಲಾರದು, ಚಿತ್ರಹಿಂಸೆಯಿಂದ ಪಡೆದ ಹೇಳಿಕೆಯನ್ನು ಯಾವ ವಿಚಾರಣೆಯಲ್ಲೂ ಸಾಕ್ಷ್ಯವಾಗಿ ಬಳಸತಕ್ಕದ್ದಲ್ಲ — ಕೇಳಿ ಕೇಳಿ ಎಷ್ಟು ತಲೆಗೆ ಹತ್ತಿದೆಯೆಂದರೆ ಮೊನ್ನೆ ಕೆಲಸದ ಹೊತ್ತಿನಲ್ಲಿ ಬಸ್‌ಸ್ಟ್ಯಾಂಡಿನ ಅನೌನ್ಸ್‌ಮೆಂಟ್ ಕೋಣೆಯಲ್ಲಿ ಮೈಕು ಒತ್ತಿ ಪ್ರಯಾಣಿಕರ ಗಮನಕ್ಕೆ ಎಂದವಳು ಇನ್ನೇನು ಯುದ್ಧವಾಗಲಿ ಎಂದುಬಿಡುತ್ತಿದ್ದಳು, ನಗು ಬಂತು, ಪಕ್ಕದವಳು ಏನ್ರೀ ಅಂದಳು, ಏನಿಲ್ಲ ಬಿಡಿ. ಒಳ್ಳೆಯ ಮಾತೇ, ಇಲ್ಲವೆನ್ನುವುದಿಲ್ಲ, ಯಾರೋ ಕೂತು ಯೋಚಿಸಿ ಒಂದು ಸಂದೂ ಬಿಡದೆ ಬರೆದಿದ್ದಾರೆ, ನೆಪ ಹೇಳಿಕೊಂಡು ನುಸುಳುವವರನ್ನು ಚೆನ್ನಾಗಿ ಬಲ್ಲವರೇ ಬರೆದಿರಬೇಕು, ನಮ್ಮ ದೇಶವೂ ಸಹಿ ಹಾಕಿದೆ ಅಕ್ಕಾ ಎಂದು ವಕೀಲೆ ಹೇಳುವಾಗ ಅವಳ ಮುಖ ನೋಡಬೇಕು, ತಾನೇ ಕೈ ಹಿಡಿದು ಹಾಕಿಸಿದವಳ ಹಾಗೆ. ಇವರೂ ಸಹಿ ಹಾಕಿದ್ದಾರಲ್ಲ. ಸ್ಫೋಟದ ಜಾಗದಲ್ಲಿ ಸಿಕ್ಕ ಮೊಬೈಲು ಇವರು ರಿಪೇರಿ ಮಾಡಿ ಮಾರಿದ್ದು, ಮಾರಿದ್ದಷ್ಟೇ ಗೊತ್ತು, ಯಾರಿಗೆ ಎಂದು ನೆನಪಿಲ್ಲ, ದಿನಕ್ಕೆ ಎಷ್ಟೋ ಮಾರುತ್ತಾರೆ, ಪೊಲೀಸರು ಹಿಡಿದುಕೊಂಡು ಹೋದರು, ಕೊನೆಗೆ ಎಲ್ಲ ಗೊತ್ತಿದ್ದೇ ಮಾಡಿದೆ ಎಂಬ ತಪ್ಪೊಪ್ಪಿಗೆಯ ಕೆಳಗೆ ಇವರ ಸಹಿ, ವಕ್ರ ವಕ್ರ, ಒಂದನೇ ಕ್ಲಾಸಿನ ಮಗು ಬರೆದ ಹಾಗೆ. ದೇಶದ ಸಹಿ ಗೆಲ್ಲುತ್ತದೋ ಇವರ ಸಹಿ ಗೆಲ್ಲುತ್ತದೋ, ಇವತ್ತಿನ ವಾದ ಅಷ್ಟೇ, ಹಿಂಸೆ ಕೊಟ್ಟು ಬರೆಸಿಕೊಂಡದ್ದು ಎಂದಾದರೆ ಆ ತಪ್ಪೊಪ್ಪಿಗೆ ಕಸದ ಬುಟ್ಟಿಗೆ, ಇವರು ಮನೆಗೆ, ಇಲ್ಲವಾದರೆ ಇವರು ಮತ್ತೆ ಒಳಗೆ, ಈ ಸಲ ಹೋದರೆ ತಲೆ ನೆರೆತ ಮೇಲೇ ಬರುವುದು. ಮೈಮೇಲೆ ಗುರುತಿಲ್ಲ, ಗುರುತು ಮಾಸುವವರೆಗೂ ಇಟ್ಟುಕೊಂಡೇ ಬಿಟ್ಟಿದ್ದಾರೆ, ಎಷ್ಟೋ ತಿಂಗಳ ಮೇಲೆ ಕೋರ್ಟು ಹೇಳಿ ನೋಡಿಸಿದ ಡಾಕ್ಟರು ಹಳೇ ಉಳುಕು ಇರಬಹುದು ಎಂದು ಹೇಳಿ ಕೈ ತೊಳೆದುಕೊಂಡರು. ಉಳಿದದ್ದು ಮಾತು.

ಮಾತು ಎಂದರೆ ಅವಳ ಮಾತು. ಜಾಮೀನಿನ ಮೇಲೆ ಮನೆಗೆ ಬಂದ ದಿನ ಇವರು ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಿದ್ದರು, ಅವಳು ಕಣ್ಣೊರೆಸಿಕೊಂಡು ಕೇಳಿದ್ದಳು, ಅಲ್ಲಿ ಚೆನ್ನಾಗಿ ನೋಡ್ಕೊಂಡ್ರಾ? ನೆಂಟರ ಮನೆಗೆ ಹೋಗಿಬಂದವರನ್ನು ಕೇಳುವ ಹಾಗೆ, ಥೂ, ಬೇರೇನು ಕೇಳಬೇಕಿತ್ತು, ಅಷ್ಟು ದಿನ ಕೇಳಬೇಕೆಂದುಕೊಂಡದ್ದೆಲ್ಲ ಮರೆತು ಅದೊಂದೇ ಬಾಯಿಗೆ ಬಂತು, ಇವರು ಸ್ವಲ್ಪ ನಕ್ಕು ಹೇಳಿದರು, ಹ್ಞೂಂ, ಚೆನ್ನಾಗೇ ವಿಚಾರಿಸ್ಕೊಂಡ್ರು. ಅವಳು ಆ ರಾತ್ರಿ ಬಹಳ ದಿನಗಳ ಮೇಲೆ ಕಣ್ತುಂಬ ನಿದ್ದೆ ಮಾಡಿದಳು. ಹಾಗೆಂದರೆ ಇನ್ನೊಂದು ಅರ್ಥವಿದೆ ಎಂದು ಗೊತ್ತಿರಲಿಲ್ಲವೇ, ಬಸ್‌ಸ್ಟ್ಯಾಂಡಿನಲ್ಲಿ ಕೆಲಸ ಮಾಡುವವಳಿಗೆ ಗೊತ್ತಿಲ್ಲದೆ ಇರುತ್ತದೆಯೇ, ಜೇಬುಗಳ್ಳ ಸಿಕ್ಕಿಬಿದ್ದಾಗ ಕಂಡಕ್ಟರುಗಳು ಅವನ ಕಾಲರು ಹಿಡಿದು ಹಿಂದುಗಡೆ ಶೆಡ್ಡಿಗೆ ಎಳೆದುಕೊಂಡು ಹೋಗುತ್ತ ನಮ್ಮ ಕಡೆ ನೋಡಿ ಕಣ್ಣು ಹೊಡೆಯುತ್ತಾರೆ, ಸ್ವಲ್ಪ ವಿಚಾರಿಸ್ಕೊಂಡು ಬರ್ತೀವಿ ಮೇಡಂ, ಅವಳೂ ನಕ್ಕಿದ್ದಾಳೆ, ಚೆನ್ನಾಗಿ ವಿಚಾರಿಸ್ಕೊಳ್ಳಿ, ಹೋದ ವಾರ ನನ್ನ ಪರ್ಸೂ ಹೋಗಿತ್ತು, ಎಂದೂ ಹೇಳಿದ್ದಾಳೆ. ಗೊತ್ತಿತ್ತು, ಆದರೆ ಎರಡು ಅರ್ಥವಿದ್ದಾಗ ಮನುಷ್ಯರು ತಮಗೆ ಬೇಕಾದ್ದನ್ನು ತೆಗೆದುಕೊಳ್ಳುತ್ತಾರೆ, ಅವಳಿಗೆ ಆ ದಿನ ನಿದ್ದೆ ಬೇಕಾಗಿತ್ತು. ಆಮೇಲೆ ಠಾಣೆಯಿಂದ ಇಬ್ಬರು ಬಂದರು, ಇವರು ಮನೆಯಲ್ಲಿ ಇಲ್ಲದ ಹೊತ್ತು ನೋಡಿ, ಮರ್ಯಾದಸ್ಥರ ಹಾಗೆ ಹೊರಗೇ ಬೂಟು ಬಿಚ್ಚಿಟ್ಟು, ಯಜಮಾನ್ರು ಒಳಗೆ ಏನಾದ್ರೂ ತೊಂದ್ರೆ ಆಯ್ತು ಅಂತ ಹೇಳಿದ್ರಾಮ್ಮಾ? ಇಲ್ಲಪ್ಪ, ಚೆನ್ನಾಗಿ ವಿಚಾರಿಸ್ಕೊಂಡ್ರು ಅಂದ್ರು. ಮೇಜಿನ ಮೇಲಿದ್ದ ಅವರ ಫೋನು ಅದನ್ನು ಕೇಳಿಸಿಕೊಂಡಿತು, ಈಗ ಅದೇ ಸರ್ಕಾರಿ ವಕೀಲರ ಕೈಯ ತುರುಪು, ಹೆಂಡತಿಯೇ ಹೇಳಿದ್ದಾಳೆ ಸ್ವಾಮೀ, ಇನ್ನೇನು ಬೇಕು. ಚೆನ್ನಾಗೇ ಅಂದಿದ್ದರು ಇವರು, ಚೆನ್ನಾಗಿ ಅನ್ನಲಿಲ್ಲ, ಆ ಗೇ ಮೇಲೆ ಒಂದು ಒತ್ತು ಇತ್ತು, ದೀರ್ಘ ಇತ್ತು, ಇಡೀ ಬಸ್‌ಸ್ಟ್ಯಾಂಡು ಕಿವಿಗೊಟ್ಟು ಕೇಳುವ ಹಾಗೆ ಒಂದಕ್ಷರ ನುಂಗದೆ ಹೇಳುವವಳು ಅಲ್ಲಿ ಮಾತ್ರ ಒಂದು ದೀರ್ಘ ನುಂಗಿದಳು. ಈಗಲೂ ಒಳಗೆ ಹೋಗಿ ಸುಮ್ಮನೆ ಹೌದು ಎಂದರೆ ಆಯಿತು, ಹೌದು ಹಾಗೇ ಹೇಳಿದರು, ಅಷ್ಟೇ ಕೇಳಿದರೆ ಅಷ್ಟೇ ಹೇಳಿ ಬಂದರಾಯಿತು, ಓರೆ ಕ್ಲಿಪ್ಪಿನವಳ ಮುಖ ಅಲ್ಲೇ ಇಳಿಯುತ್ತದೆ, ನಮ್ಮವರು ನಮ್ಮವರು ಎಂದು ಕುಣಿದದ್ದಕ್ಕೂ ಒಂದು ಕೊನೆ — ಸೋಲುವುದು ಅವಳು, ಒಳಗೆ ಹೋಗುವುದು ಇವರು, ಛೆ, ಏನು ಯೋಚನೆ ಇದು, ಇಂಥದ್ದನ್ನು ಯೋಚಿಸಿದ ತಲೆಗಿಷ್ಟು ಬೆಂಕಿ ಬೀಳಲಿ. ಅತ್ತೆ ಕಣ್ಣು ಬಿಟ್ಟು ಯಾಕೇ ಬೆವರ್ತಿದ್ದೀಯ ಎಂದರು, ಸೆಖೆ ಅತ್ತೆ.

ಆದರೆ ಅವಳ ಹತ್ತಿರವೂ ಒಂದಿದೆ, ವಕೀಲೆಗೆ ಗೊತ್ತಿಲ್ಲದ್ದು, ಅದನ್ನು ಮಾತ್ರ ಅವಳು ಯಾರಿಗೂ ಕೊಟ್ಟಿಲ್ಲ. ಮನೆಗೆ ಬಂದ ಹೊಸದರಲ್ಲಿ ನಮ್ಮವರಲ್ಲಿ ಏನಾದ್ರೂ ಬದಲಾವಣೆ ಗಮನಿಸಿದ್ರಾ ಅಕ್ಕಾ, ಎಷ್ಟೇ ಚಿಕ್ಕದಾದ್ರೂ ಪರವಾಗಿಲ್ಲ, ಎಂದು ಗುಬ್ಬಿಗೆ ಕಾಳು ಹಾಕುವ ಹಾಗೆ ಕೇಳಿದ್ದಳು ವಕೀಲೆ, ಏನೂ ಇಲ್ಲ, ಮೊದಲಿನ ಹಾಗೇ ಇದ್ರು, ಎಂದು ಮುಖ ತಿರುಗಿಸಿದ್ದಳು ಇವಳು, ಹೇಳಬೇಕಂತೆ, ಎಲ್ಲವೂ ಬೇಕಂತೆ ಈಕೆಗೆ, ಗಂಡ ಹೆಂಡತಿಯ ನಡುವಿನದ್ದೂ ಬೇಕಂತೆ. ಇವರು ಬಂದ ಮಾರನೆಯ ಬೆಳಿಗ್ಗೆ ಅಂಗಿ ತೊಟ್ಟು ಕನ್ನಡಿಯ ಮುಂದೆ ನಿಂತವರು ತಿರುಗಿ, ಗುಂಡಿ ಹಾಕ್ತೀಯಾ, ಎಂದರು. ಮದುವೆಯಾಗಿ ಇಷ್ಟು ವರ್ಷಕ್ಕೆ ಒಂದು ಲೋಟ ನೀರನ್ನೂ ಕೈಗೆ ಕೊಡು ಎಂದವರಲ್ಲ, ಜ್ವರ ಬಂದಾಗಲೂ ತಾವೇ ಎದ್ದು ಗಂಜಿ ಬಸಿದುಕೊಂಡವರು, ಹೆಂಡತಿ ಕಾಲರು ಸರಿಮಾಡಲು ಬಂದರೆ ಸಾಕು ಬಿಡೇ ಎಂದು ಸರಿಯುವವರು, ಗುಂಡಿ ಹಾಕ್ತೀಯಾ. ಅವಳು ಕೆಳಗಿನಿಂದ ಶುರುಮಾಡಿ ಒಂದೊಂದೇ ಹಾಕುತ್ತ ಮೇಲೆ ಬಂದಳು, ಎದೆಯ ಹತ್ತಿರ ಬಂದಾಗ ಕಣ್ಣು ಕೆಳಗೆ ಹಾಕಿದಳು, ಹೊಸ ಮದುವಣಗಿತ್ತಿಯ ಹಾಗೆ, ನಾಚಿಕೆ, ಈ ವಯಸ್ಸಿಗೆ, ಮೇಲಿನ ಗುಂಡಿಗೆ ಬರುವಷ್ಟರಲ್ಲಿ ಇವರು ಗದ್ದ ಮೇಲೆತ್ತಿ ಸೂರು ನೋಡುತ್ತ ನಿಂತಿದ್ದರು, ಇವರಿಗೂ ನಾಚಿಕೆ. ಮಾರನೆಯ ದಿನವೂ, ಅದರ ಮಾರನೆಯ ದಿನವೂ, ಆಮೇಲೆ ತಲೆಯೂ ಅವಳೇ ಬಾಚಿದಳು, ಅವಳಾಗಿಯೇ, ಬೇಡವೆನ್ನಲಿಲ್ಲ ಇವರು, ಮಕ್ಕಳಿಲ್ಲದ ಮನೆಯಲ್ಲಿ ಬೆಳಗಿನ ಹೊತ್ತಿಗೆ ಒಂದು ಕೆಲಸ ಹುಟ್ಟಿಕೊಂಡಿತು, ಆ ಕೆಲಸದ ಗುಂಗಿನಲ್ಲೇ ಅವಳು ಬಸ್ಸುಗಳನ್ನು ಕೂಗಿದಳು, ಇವತ್ತೇನ್ರೀ ಮೈಕು ಹಾಡ್ತಿದೆ ಎಂದು ಪಕ್ಕದವಳು ಛೇಡಿಸಿದಳು. ದೂರವಿದ್ದು ಬಂದರೆ ಗಂಡಸಿಗೂ ಪ್ರೀತಿ ತಿಳಿಯುತ್ತದೆ ಎಂದುಕೊಂಡಳು. ಒಂದು ದಿನ ನೋಡಿದರೆ ತಾವೇ ಗುಂಡಿ ಹಾಕಿಕೊಂಡು ಹೊರಬಂದಿದ್ದರು, ಅವಳಿಗೆ ಸಿಟ್ಟೇ ಬಂತು, ಅವತ್ತಿನಿಂದಲೇ ಶುರುವಾದದ್ದು ವಕೀಲೆಯ ಆಫೀಸಿನ ಓಡಾಟ, ಅಲ್ಲಿಗೆ ತಾಳೆಹಾಕಿದಳು, ಓಹೋ, ನನ್ನ ಕೈ ಸಾಕಾಯಿತು. ಇರಲಿ, ಮಾತು ನಿನಗೆ, ಅಳು ನಿನಗೆ, ಗುಂಡಿ ನನಗೆ, ಆ ಬೆಳಗುಗಳಿಗೆ ನೀನು ಕೈ ಹಾಕಬೇಡ ತಾಯಿ.

ಬಾಗಿಲು ಗಾಳಿಗೆ ಇನ್ನಷ್ಟು ತೆರೆಯಿತು, ಒಳಗಿನ ಮಾತು ಈಗ ಸ್ಪಷ್ಟ, ಸರ್ಕಾರಿ ವಕೀಲರ ಪಾಟೀಸವಾಲು ನಡೆಯುತ್ತಿದೆ, ಕೆಮ್ಮಿ ಕೆಮ್ಮಿ ಮಾತಾಡುವ ದಪ್ಪ ದನಿ, ಹಿಂದಕ್ಕೆ ಕೈ ಕಟ್ಟಿ ಆ ಕೈಗಳಿಂದಲೇ ನಿಮ್ಮನ್ನ ತೂಗುಹಾಕಿದ್ರು ಅಂತೀರಿ, ಹೌದು, ಇವರ ದನಿ, ಎಷ್ಟು ಸಣ್ಣಗಿದೆ, ಯಾರಾದರೂ ಮೈಕು ಹತ್ತಿರ ಇಡಬಾರದೇ, ತೂಗುಹಾಕಿದ್ರು, ಒಂದ್ಸಲ ಅಲ್ಲ — ಕೈಗಳಿಂದ, ಅವಳ ಕಿವಿಗೆ ಬಿತ್ತು, ಕೈಗಳಿಂದ, ಇದೇ ಮೊದಲು ಕೇಳುವುದು, ಕಾರಿಡಾರಿನಲ್ಲಿ ಕೂತು, ಬಾಗಿಲ ಸಂದಿಯಿಂದ, ಕದ್ದು — ಬಿಡುಗಡೆ ಆದ್ಮೇಲೂ ಎಷ್ಟೋ ದಿನ ಭುಜದಿಂದ ಕೈ ಎತ್ತೋಕಾಗ್ತಿರ್ಲಿಲ್ಲ, ಬೆರಳಲ್ಲಿ ಬಲ ಇರ್ಲಿಲ್ಲ, ಏನನ್ನೂ ಹಿಡಿಯೋಕಾಗ್ತಿರ್ಲಿಲ್ಲ ಅಂತೀರಿ, ಹೌದು, ಇದನ್ನ ಆಗ್ಲೇ ಡಾಕ್ಟರಿಗೆ ತೋರಿಸಿದ್ರಾ, ಇಲ್ಲ, ಹೊರಗೆ ಹೋದ್ಮೇಲೆ ಆಸ್ಪತ್ರೆ ಕಡೆ ಕಾಲಿಟ್ರೆ ಮತ್ತೆ ಬರ್ತೀವಿ ಅಂದಿದ್ರು, ಕೆಮ್ಮು, ಸರಿ, ಹೋಗಲಿ, ನಿಮಗೆ ಕೈ ಎತ್ತೋಕಾಗ್ತಿರ್ಲಿಲ್ಲ ಅನ್ನೋದನ್ನ ಕಣ್ಣಾರೆ ಕಂಡವರು ಯಾರಾದ್ರೂ ಇದ್ದಾರಾ? ಮತ್ತೆ ಇವರದೇ ದನಿ. ಯಾರೂ ಇಲ್ಲ ಸ್ವಾಮೀ. ಯಾರೂ ಇಲ್ಲವೇ, ಅವಳು ಬೆಂಚಿನಿಂದ ಅರ್ಧ ಎದ್ದೇಬಿಟ್ಟಳು, ಯಾರೂ ಇಲ್ಲವೇ, ನಾನು ಯಾರೂ ಅಲ್ಲವೇ, ದಿನಾ ಬೆಳಿಗ್ಗೆ ನಿಮ್ಮ ಎದುರಿಗೆ ಮೂಗಿಗೆ ಮೂಗು ತಾಗುವ ಹಾಗೆ ನಿಂತು ಗುಂಡಿ ಹಾಕಿದವಳು ಯಾರು, ನಾನಲ್ಲವೇ, ಗುಂಡಿ, ಕೆಳಗಿನಿಂದ ಮೇಲಕ್ಕೆ — ಬೆರಳಲ್ಲಿ ಬಲ ಇರಲಿಲ್ಲ — ಗುಂಡಿ ಹಾಕ್ತೀಯಾ. ಅತ್ತೆ ಸೆರಗು ಎಳೆದು ಕೂರಿಸಿದರು. ಕೂತಳು. ಇವರ ಕೈಗಳು ಆಗ ಎಲ್ಲಿದ್ದವು, ಆ ಬೆಳಗುಗಳಲ್ಲಿ, ಅವಳ ಕೈ ಇವರ ಎದೆಯ ಮೇಲಿದ್ದಾಗ ಇವರ ಕೈ ಎಲ್ಲಿತ್ತು, ಒಂದು ದಿನವಾದರೂ ಅವಳ ಭುಜ ಹಿಡಿದಿದ್ದರೇ, ಸೊಂಟ, ತಲೆ, ಇಲ್ಲ, ಎರಡೂ ಪಕ್ಕದಲ್ಲಿ ಜೋತುಬಿದ್ದಿದ್ದವು, ಎರಡೂ ಕೈ, ಅವಳು ನೋಡಿದ್ದಳು, ಗಂಡಸರ ಸಂಕೋಚ ಎಂದುಕೊಂಡಿದ್ದಳು. ತಟ್ಟೆಯ ಮೇಲೆ ಬಾಗಿ ಬಾಗಿ ಉಣ್ಣುತ್ತಿದ್ದರಲ್ಲ, ಅದನ್ನು ಹಸಿವು ಎಂದುಕೊಂಡಿದ್ದಳು. ಅಳು ಬರಲಿಲ್ಲ, ಬಂದದ್ದು ಹೊಟ್ಟೆಕಿಚ್ಚೇ, ಯಾರ ಮೇಲೆ ಎಂದು ತಿಳಿಯದ ಹೊಟ್ಟೆಕಿಚ್ಚು, ಅವಳಿಗಿಂತ ಮೊದಲು ಆ ಕೈಗಳನ್ನು ಹಿಡಿದವರ ಮೇಲೆ, ಆ ಬೆಳಗುಗಳೂ ಅವರು ಕೊಟ್ಟದ್ದೇ ಎಂದಮೇಲೆ ಅವಳದ್ದು ಎಂದು ಉಳಿದದ್ದೇನು.

ಜವಾನ ಬಂದು ಸಾಕ್ಷಿ ಎಂದು ಕೂಗಿದ, ಬಾಯಿ ತುಂಬ ಎಲೆಯಿಟ್ಟುಕೊಂಡವನ ಹಾಗೆ ಕೂಗಿದ, ಬೇರೆ ದಿನವಾಗಿದ್ದರೆ ತಿದ್ದುತ್ತಿದ್ದಳು, ಎದ್ದು ಒಳಗೆ ಹೋದಳು, ಕಟಕಟೆಯ ಮರ ಕೈಗೆ ಬೆಚ್ಚಗೆ ತಾಗಿತು, ಇವರು ಈಗಷ್ಟೇ ಹಿಡಿದು ಹೋದದ್ದು, ಇವರು ಅಲ್ಲಿ ಕುರ್ಚಿಯಲ್ಲಿದ್ದಾರೆ, ಅವಳನ್ನು ನೋಡುತ್ತಿಲ್ಲ, ದಪ್ಪ ದನಿಯವರು ಕೆಮ್ಮಿ ಕೇಳಿದರು, ನಿಮ್ಮ ಯಜಮಾನರು ಚೆನ್ನಾಗಿ ವಿಚಾರಿಸ್ಕೊಂಡ್ರು ಅಂತ ಹೇಳಿದ್ದು ನಿಜಾನಾ? ಚೆನ್ನಾಗಿ ಅಲ್ಲ ಸರ್, ಚೆನ್ನಾಗೇ. ಏನು ವ್ಯತ್ಯಾಸ? ಒಂದು ದೀರ್ಘ, ಹಿಂದೆ ಯಾರೋ ನಕ್ಕರು, ದಪ್ಪ ದನಿಯವರೂ ನಕ್ಕರು, ಸ್ವಾಮೀ, ಒಂದು ದೀರ್ಘಕ್ಕೆ ಇಷ್ಟು ದೊಡ್ಡ ಆರೋಪ, ಎಂದು ಗೌನು ಸರಿಮಾಡಿಕೊಂಡು ಕೂತರು. ಆಗ ವಕೀಲೆ ಎದ್ದಳು, ಓರೆ ಕ್ಲಿಪ್ಪು, ಕಣ್ಣಿನ ಕೆಳಗೆ ಕಪ್ಪು, ಹತ್ತಿರದಿಂದ ನೋಡಿದರೆ ನಿಜವಾಗಿಯೂ ನಿದ್ದೆಗೆಟ್ಟವಳು, ಆಸೆಯೇ ಇಲ್ಲದ ದನಿಯಲ್ಲಿ, ಕೇಳಲೇಬೇಕಲ್ಲ ಎಂದು ಕೇಳಿದಳು, ಇವರು ಮನೆಗೆ ಬಂದಾಗ ನೀವೇನಾದ್ರೂ ಗಮನಿಸಿದ್ರಾ? ಇವಳಿಗೇ ಕೊಡಬೇಕು, ಕೊನೆಗೂ ಇವಳಿಗೇ, ಈ ಕಪ್ಪು ಗೌನಿನವಳು ಅದನ್ನು ತೆಗೆದುಕೊಂಡು, ಮಡಿಸಿ, ಯಾವುದೋ ಒಡಂಬಡಿಕೆಯ ಯಾವುದೋ ಕಲಮಿನ ಪಕ್ಕದಲ್ಲಿ ಇಡುತ್ತಾಳೆ, ಇನ್ನು ಮೇಲೆ ಅದನ್ನು ಯಾರು ಬೇಕಾದರೂ ಓದಬಹುದು, ದಪ್ಪ ದನಿಯವರು ಕೆಮ್ಮುತ್ತ ಓದಬಹುದು. ಗುಂಡಿ ನಾನೇ ಹಾಕ್ತಿದ್ದೆ, ಎಂದಳು. ಅನೌನ್ಸ್‌ಮೆಂಟಿನ ದನಿಯಲ್ಲೇ ಹೇಳಿದಳು, ಒಂದಕ್ಷರ ನುಂಗದೆ, ಅಂಗಿಯ ಗುಂಡಿ, ಬಂದ ಮಾರನೇ ದಿನದಿಂದ, ಎಷ್ಟೋ ವಾರ, ತಲೆನೂ ನಾನೇ ಬಾಚ್ತಿದ್ದೆ, ಇವರು ಬಗ್ಗಿ ಉಣ್ತಿದ್ರು, ಕೈ ಮೇಲೆ ಬರ್ತಿರ್ಲಿಲ್ಲ, ನಾನು ನೋಡಿದೀನಿ. ಟೈಪು ಮಾಡುವವನ ಬೆರಳು ಓಡಿತು, ವಕೀಲೆಯ ಮುಖ ಹೂವರಳಿದ ಹಾಗೆ ಅರಳಿ ಆಮೇಲೆ ತಟ್ಟನೆ ತಗ್ಗಿತು, ನ್ಯಾಯಾಧೀಶರು ಕನ್ನಡಕ ತೆಗೆದು ನೇರವಾಗಿ ಅವಳನ್ನೇ ಕೇಳಿದರು, ಅಷ್ಟು ದಿನ ನೀವು ಯಾಕೆ ಅಂತ ಕೇಳ್ಲೇ ಇಲ್ವಾ ಅಮ್ಮಾ? ಪ್ರೀತಿ ಅಂದ್ಕೊಂಡೆ ಸ್ವಾಮೀ. ಯಾರೂ ನಗಲಿಲ್ಲ. ಇವರು ಈಗ ಅವಳನ್ನು ನೋಡುತ್ತಿದ್ದಾರೆ, ಬೇರೆ ಯಾರನ್ನೂ ಅಲ್ಲ, ಅವಳನ್ನೇ, ಇನ್ನೂ ಏನೋ ಕೇಳುತ್ತಿದ್ದಾರೆ ವಕೀಲರು ಆ ಕಡೆಯಿಂದ, ಅವಳಿಗೆ ಕೇಳಿಸುತ್ತಿಲ್ಲ, ಕೆಳಗಿನ ಗುಂಡಿ, ಅದರ ಮೇಲಿನದು, ಎದೆಯದು, ಅವಳ ಬೆರಳು ಕತ್ತಿನ ಹತ್ತಿರ ಬಂದಾಗ ಗದ್ದ ಮೇಲೆತ್ತಿ ನಿಂತದ್ದು ನಾಚಿಕೆಯಲ್ಲ, ಉಸಿರು ಹಿಡಿದಿದ್ದರು, ಯಾರ ಕೈ ಎಂದು ಮೈಗೆ ಗೊತ್ತಿಲ್ಲ, ಹೆಂಡತಿಯ ಕೈ ಎಂದು ಮೈಗೆ ಗೊತ್ತಿಲ್ಲ, ಗಂಟಲು ಒಮ್ಮೆ ಮೇಲಕ್ಕೆ ಹೋಗಿ ಕೆಳಕ್ಕೆ ಬಂತು, ಮೇಲಿನ ಗುಂಡಿ, ಮೇಲಕ್ಕೆತ್ತಿದ ಗದ್ದ, ಜೋತುಬಿದ್ದ ಎರಡು ಕೈ, ಮೇಲಿನ ಗುಂಡಿ, ಗದ್ದ, ಕೈ —